ಮೈಕ್ರೋಕಂಟ್ರೋಲರ್‌ನಿಂದ ಕಂಪ್ಯೂಟರ್‌ಗೆ ಸೆನ್ಸರ್ ಅಳತೆಗಳ ರವಾನೆ

ತಾಪ, ಬೆಳಕು, ಒತ್ತಡ, ತೇವಾಂಶ ಮೊದಲಾದವನ್ನು ಗ್ರಹಿಸುವ ಸೆನ್ಸರ್‌ನ ಅಳತೆಗಳನ್ನು ಮೈಕ್ರೋಕಂಟ್ರೋಲರ್ ಓದಿ, ದಾಖಲಾತಿ ಮತ್ತು ವಿಶ್ಲೇಷಣೆಗಾಗಿ ಕಂಪ್ಯೂಟರ್‌ಗೆ ಕಳುಹಿಸುವ ವಿಧಾನ. ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್‌ಗೆ ಕೇವಲ 2 ಕಿಲೋಬೈಟ್ ರ್‍ಯಾಮ್ ಇದೆ. ದಿನಗಟ್ಟಲೆ ಅಳತೆಗಳನ್ನು ಕೂಡಿಡುವುದು ಅದರಿಂದಾಗದು. ಆ ಕೆಲಸ ಕಂಪ್ಯೂಟರ್‌ನದು. ಈ ಲೇಖನದ ಉದಾಹರಣೆಗಳು ಊನೋ ಬೋರ್ಡ್ ಮತ್ತು ಎಲ್‌ಎಂ35 ತಾಪ ಸೆನ್ಸರ್‌ಗೆ ಸಂಬಂಧಿಸಿದವು.

ವೋಲ್ಟೇಜ್‌ನಿಂದ ಅಂಕಿಗೆ

ಎಲ್‌ಎಂ35 ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. 27 ಡಿಗ್ರಿಗೆ 270 ಮಿಲಿವೋಲ್ಟ್. ಚಿಪ್‌ನೊಳಗಿನ 10 ಬಿಟ್ ಪರಿವರ್ತಕ 0ಯಿಂದ 5 ವೋಲ್ಟ್‌ವರೆಗಿನ ವ್ಯಾಪ್ತಿಯನ್ನು 1024 ಹಂತಗಳಾಗಿ ವಿಭಜಿಸುತ್ತದೆ. ಒಂದು ಹಂತ ಸುಮಾರು 4.88 ಮಿಲಿವೋಲ್ಟ್, ಅಂದರೆ ಹೆಚ್ಚುಕಡಿಮೆ ಅರ್ಧ ಡಿಗ್ರಿ. 270 ಮಿಲಿವೋಲ್ಟ್‌ಗೆ ಸಿಗುವ ಅಂಕಿ 55. ವ್ಯಾಪ್ತಿಯ ಮೇಲ್ಮಿತಿಯಾದ ಆಧಾರ ವೋಲ್ಟೇಜ್ ಆಗಿ 5 ವೋಲ್ಟ್ ಬದಲು ಚಿಪ್‌ನ ಆಂತರಿಕ 1.1 ವೋಲ್ಟ್ ಬಳಸಿದರೆ ಒಂದು ಹಂತ ಸುಮಾರು 0.11 ಡಿಗ್ರಿಗೆ ಇಳಿದು ಅಳತೆ ಸೂಕ್ಷ್ಮವಾಗುತ್ತದೆ.

ಸೀರಿಯಲ್ ಸಂವಹನ

ಚಿಪ್‌ನ ಯುಎಆರ್‌ಟಿ ಘಟಕ ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಕಳುಹಿಸುತ್ತದೆ. ಪ್ರತ್ಯೇಕ ಗಡಿಯಾರ ತಂತಿ ಇಲ್ಲದ ಕಾರಣ ಎರಡೂ ಬದಿ ಮೊದಲೇ ಒಂದೇ ವೇಗವನ್ನು ನಿಗದಿಪಡಿಸಿಕೊಂಡಿರಬೇಕು. ವೇಗ ಹೊಂದದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಸಾಮಾನ್ಯ ಏರ್ಪಾಡಿನಲ್ಲಿ ಒಂದು ಆರಂಭ ಬಿಟ್, ಎಂಟು ದತ್ತಾಂಶ ಬಿಟ್, ಒಂದು ಅಂತ್ಯ ಬಿಟ್ ಸೇರಿ ಪ್ರತಿ ಬೈಟ್‌ಗೆ ಹತ್ತು ಬಿಟ್ ಬೇಕು. 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಸೆಕೆಂಡಿಗೆ 960 ಬೈಟ್ ಸಾಗುತ್ತವೆ. ‘26.9’ ಎಂಬ ಅಳತೆಗೆ ಸಾಲಿನ ಕೊನೆಯ ಎರಡು ಗುರುತು ಸೇರಿ ಆರು ಬೈಟ್ ಆಗುವುದರಿಂದ ಸೆಕೆಂಡಿಗೆ ಹೆಚ್ಚೆಂದರೆ 160 ಅಳತೆಗಳನ್ನು ಕಳುಹಿಸಬಹುದು. ಪರಿವರ್ತಕ ಮಾತ್ರ ಸೆಕೆಂಡಿಗೆ ಹತ್ತು ಸಾವಿರದಷ್ಟು ಸಲ ಓದಬಲ್ಲದು. ಆದ್ದರಿಂದ ವೇಗದ ಮಾಪನದಲ್ಲಿ ಮಿತಿ ಬೀಳುವುದು ಸಾಮಾನ್ಯವಾಗಿ ರವಾನೆಯಲ್ಲಿ.

ಹಳೆಯ ಕಂಪ್ಯೂಟರ್‌ಗಳ ಆರ್‌ಎಸ್-232 ಪೋರ್ಟ್‌ನಲ್ಲಿ ಧನ ಮತ್ತು ಋಣ ವೋಲ್ಟೇಜ್‌ಗಳಿದ್ದು, ಅವು 15 ವೋಲ್ಟ್‌ವರೆಗೂ ಇರಬಹುದು. ಅದನ್ನು ನೇರವಾಗಿ ಜೋಡಿಸಿದರೆ ಚಿಪ್ ಸುಟ್ಟುಹೋಗಬಹುದು. ನಡುವೆ ಮ್ಯಾಕ್ಸ್232ನಂಥ ಚಿಪ್ ಬೇಕು. ಇಂದಿನ ಬೋರ್ಡ್‌ಗಳಲ್ಲಿ ಈ ಸೇತುವೆ ಯುಎಸ್‌ಬಿಯದು. ಊನೋದಲ್ಲಿ ಎಟಿಮೆಗಾ16ಯು2, ಅಗ್ಗದ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಸಿಎಚ್340 ಇದನ್ನು ನಿರ್ವಹಿಸುತ್ತದೆ.

ದತ್ತಾಂಶದ ರೂಪ

ಅಳತೆಯನ್ನು ಪಠ್ಯವಾಗಿ ಕಳುಹಿಸಿದರೆ ಮನುಷ್ಯರೂ ಓದಬಹುದು, ದೋಷ ಹುಡುಕುವುದು ಸುಲಭ. ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳು ಸ್ಪ್ರೆಡ್‌ಶೀಟ್‌ನಲ್ಲಿ ನೇರವಾಗಿ ತೆರೆಯುತ್ತವೆ. ಬೈನರಿ ರೂಪದಲ್ಲಿ ಅದೇ ಅಂಕಿಗೆ ಎರಡೇ ಬೈಟ್ ಸಾಕು. ಆದರೆ ಒಂದು ಬೈಟ್ ಕಳೆದುಹೋದರೆ ಮುಂದಿನ ಜೋಡಿಗಳೆಲ್ಲ ಪಲ್ಲಟಗೊಂಡು 55 ಎಂಬುದು 14,080 ಆಗಿ ಕಾಣಬಹುದು. ಇದನ್ನು ತಡೆಯಲು ಪ್ರತಿ ಕಂತಿನ ಮೊದಲಿಗೆ ಆರಂಭದ ಗುರುತು, ಕೊನೆಗೆ ದೋಷ ಪತ್ತೆಗಾಗಿ ಬೈಟ್‌ಗಳಿಂದ ಲೆಕ್ಕಹಾಕಿದ ಚೆಕ್‌ಸಮ್ ಸೇರಿಸಬೇಕು.

ಕಂಪ್ಯೂಟರ್ ಬದಿ

ಬೋರ್ಡ್ ವಿಂಡೋಸ್‌ನಲ್ಲಿ ‘ಕಾಮ್3’ರಂಥ ಪೋರ್ಟ್ ಆಗಿ, ಲಿನಕ್ಸ್‌ನಲ್ಲಿ ಸಾಧನ ಕಡತವಾಗಿ ಕಾಣಿಸುತ್ತದೆ. ಪೈಥಾನ್‌ನ ಪೈಸೀರಿಯಲ್ ಗ್ರಂಥಾಲಯದಿಂದ ಅದನ್ನು ಓದಿ ಕಡತಕ್ಕೆ ಬರೆಯಬಹುದು. ಆರ್ಡುಯಿನೋ ತಂತ್ರಾಂಶದ ಸೀರಿಯಲ್ ಮಾನಿಟರ್ ಕಿಟಕಿ ತೆರೆದಿದ್ದರೆ ಸಾಮಾನ್ಯವಾಗಿ ಬೇರೆ ಪ್ರೋಗ್ರಾಂಗೆ ಆ ಪೋರ್ಟ್ ದೊರೆಯದು. ಪೋರ್ಟ್ ತೆರೆದೊಡನೆ ಊನೋ ಮರುಪ್ರಾರಂಭವಾಗುವುದರಿಂದ ತುಸು ಕಾಯ್ದು, ಅರ್ಧಂಬರ್ಧ ಬಂದಿರಬಹುದಾದ ಮೊದಲ ಸಾಲನ್ನು ಕೈಬಿಡುವುದು ಒಳ್ಳೆಯದು. ಯುಎಸ್‌ಬಿ ಬೈಟ್‌ಗಳನ್ನು ಗುಂಪಾಗಿ ತಲುಪಿಸುವುದರಿಂದ, ಮಿಲಿಸೆಕೆಂಡ್ ನಿಖರತೆ ಬೇಕಾದಲ್ಲಿ ಸಮಯವನ್ನು ಬೋರ್ಡಿನಲ್ಲೇ ನಮೂದಿಸಿ ಅಳತೆಯ ಜೊತೆಗೇ ಕಳುಹಿಸಬೇಕು. ಆರ್ಡುಯಿನೋದ ಮಿಲಿಸೆಕೆಂಡ್ ಎಣಿಕೆ ಸುಮಾರು 50 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ.

ತಂತಿ ಎಳೆಯಲಾಗದ ಕಡೆ ಎಚ್‌ಸಿ-05 ಬ್ಲೂಟೂತ್ ಘಟಕ ಅಥವಾ ವೈ-ಫೈ ಇರುವ ಇಎಸ್‌ಪಿ32 ಚಿಪ್ ಬಳಸುತ್ತಾರೆ.

ವಿಶ್ವಾಸಾರ್ಹತೆ

ರವಾನೆ ಸರಿಯಾಗಿದ್ದ ಮಾತ್ರಕ್ಕೆ ಅಳತೆಯೂ ಸರಿಯೆನ್ನಲಾಗದು. ಪರಿವರ್ತಕಕ್ಕೆ ಆಧಾರವಾದ ಯುಎಸ್‌ಬಿಯ 5 ವೋಲ್ಟ್ 4.75ಕ್ಕೆ ಇಳಿದಿದ್ದರೆ ಅದೇ 270 ಮಿಲಿವೋಲ್ಟ್‌ಗೆ 58 ಎಂಬ ಅಂಕಿ ಬರುತ್ತದೆ. ಪ್ರೋಗ್ರಾಂ 27ರ ಬದಲು 28.3 ಡಿಗ್ರಿ ಎಂದು ಬರೆಯುತ್ತದೆ. ಯಾವ ಚೆಕ್‌ಸಮ್ಮೂ ಈ ತಪ್ಪನ್ನು ಹಿಡಿಯದು. ಆದುದರಿಂದ ಡಿಗ್ರಿಯ ಜೊತೆಗೆ ಪರಿವರ್ತಕದ ಮೂಲ ಅಂಕಿಯನ್ನೂ, ಮಲ್ಟಿಮೀಟರ್‌ನಿಂದ ಅಳೆದ ಆಧಾರ ವೋಲ್ಟೇಜನ್ನೂ ದಾಖಲಿಸಬೇಕು. ಇವೆರಡು ಇದ್ದರೆ, ದೋಷ ತಡವಾಗಿ ಗೊತ್ತಾದರೂ ಇಡೀ ದಾಖಲೆಯನ್ನು ಮರುಲೆಕ್ಕ ಹಾಕಿ ಸರಿಪಡಿಸಬಹುದು.