ಚುಕ್ಕಾಣಿ ಮುಂದಿನ ಬೆಳಕು: ರಾತ್ರಿ ನೌಕಾಯಾನದ ಪರದೆಗಳ ಇತಿಹಾಸ

ಗಂಗೊಳ್ಳಿಯ ಅಳಿವೆಯನ್ನು ಕತ್ತಲಲ್ಲಿ ದಾಟುವ ತಾಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಏಕಕಾಲಕ್ಕೆ ಎರಡು ಕಾಣಬೇಕು: ಕ್ಯಾಬಿನ್ನಿನೊಳಗೆ ಜಿಪಿಎಸ್ ಪರದೆ, ಹೊರಗೆ ಮರಳು ದಿಬ್ಬದ ಮೇಲೆ ಒಡೆಯುವ ಅಲೆಯ ಬಿಳಿ ಅಂಚು. ಮೊದಲನೆಯದು ಪ್ರಖರವಾದರೆ ಎರಡನೆಯದು ಮರೆಯಾಗುತ್ತದೆ. ತೊಡಕು ಹಳೆಯದೇ; ಎಲ್‌ಸಿಡಿ ಬಂದ ಮೇಲೆ ಅದರ ಪರಿಹಾರ ನಾವಿಕನ ಕೈತಪ್ಪಿತು ಎಂಬುದು ಇಲ್ಲಿನ ವಾದ.

ಮೂಲ ಕಾರಣ ಕಣ್ಣಿನಲ್ಲಿದೆ. ಅಕ್ಷಿಪಟಲದಲ್ಲಿ ಬೆಳಕು ಬಿದ್ದೊಡನೆ ಬಣ್ಣಗೆಡುವ ವಸ್ತುವೊಂದನ್ನು ಫ್ರಾಂಜ್ ಬೋಲ್ 1876ರಲ್ಲಿ ಗುರುತಿಸಿದ. ಅದೇ ಈಗಿನ ರೊಡಾಪ್ಸಿನ್; ಕತ್ತಲಲ್ಲಿ ಕಣ್ಣು ಕಾಣುವುದು ಅದರಿಂದಲೇ. ಕೆಡಲು ಕ್ಷಣ ಸಾಕು, ಪೂರ್ತಿ ಮರಳಿ ಕೂಡಿಕೊಳ್ಳಲು ಅರ್ಧ ಗಂಟೆಯೂ ಸಾಲದು. ಬಿಳಿಗಿರಿರಂಗನ ಬೆಟ್ಟದಂಚಿನ ಹೊಲಗಳಲ್ಲಿ ಅಟ್ಟಣೆ ಮೇಲೆ ಕೂತು ಹಂದಿ ಕಾಯುವವರಿಗೆ, ಬ್ಯಾಟರಿ ಆರಿಸಿದೊಡನೆ ಹೊಲವೇ ಮಾಯವಾಗುವುದು ಇದರಿಂದಲೇ.

ದಿಕ್ಸೂಚಿಗೆ ಎಣ್ಣೆದೀಪವಿದ್ದ ಕಾಲದಲ್ಲಿ ಬೆಳಕು ಉಪಕರಣದ ಹೊರಗಿತ್ತು. ಬತ್ತಿ ಇಳಿಸಬಹುದಿತ್ತು, ಮರೆಮಾಡಬಹುದಿತ್ತು. ಎರಡನೇ ಮಹಾಯುದ್ಧದಲ್ಲಿ ಕೆಂಪು ದೀಪ ರೂಢಿಗೆ ಬಂತು, ಏಕೆಂದರೆ ಕಡುಗೆಂಪಿಗೆ ರೊಡಾಪ್ಸಿನ್ ಅಷ್ಟಾಗಿ ಸ್ಪಂದಿಸುವುದಿಲ್ಲ. ಆದರೆ ಅದೇ ಬೆಳಕಿನಲ್ಲಿ ನಕಾಶೆಯ ಕೆಂಪು ಗುರುತುಗಳು ಮಾಸಿಹೋಗುತ್ತಿದ್ದವು. ರೇಡಾರಿನ ಗಾಜಿನ ಕೊಳವೆಗೆ ರಬ್ಬರ್ ಮುಸುಕು ಹಾಕಿದರು. ಒಬ್ಬನೇ ಮುಖವಿಟ್ಟು ನೋಡಬೇಕಿತ್ತು, ಬೆಳಕು ಮಾತ್ರ ಹೊರಚೆಲ್ಲುತ್ತಿರಲಿಲ್ಲ. ಒಡ್ಡೊಡ್ಡಾದರೂ ನನ್ನ ಮಟ್ಟಿಗೆ ಇದುವರೆಗಿನ ಅತ್ಯಂತ ಪ್ರಾಮಾಣಿಕ ಪರಿಹಾರ ಅದೇ.

ಎಲ್‌ಸಿಡಿಯಲ್ಲಿ ದೀಪ ಪರದೆಯ ಬೆನ್ನಿಗೇ ಸೇರಿಕೊಂಡಿತು. ಎಷ್ಟರವರೆಗೆ ಮಂದವಾಗಬೇಕೆಂಬುದನ್ನು ತಯಾರಕರು ತೀರ್ಮಾನಿಸಿದರು, ಅವರ ಕಣ್ಣ ಮುಂದಿದ್ದುದು ಕಚೇರಿಯ ಮೇಜು. ತಂತ್ರಾಂಶದಿಂದ ಚಿತ್ರವನ್ನು ಕಪ್ಪಾಗಿಸಿದರೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ: ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ, ಆಳದ ರೇಖೆಗಳು ಒಂದರಲ್ಲೊಂದು ಕಲೆಸಿಹೋಗುತ್ತವೆ. ಪರದೆಯ ಮೇಲೆ ಬೂದುಬಣ್ಣದ ಹಾಳೆ ಅಂಟಿಸುವುದು ಇದಕ್ಕಿಂತ ಮೇಲು; ಅದು ಕಪ್ಪನ್ನೂ ಬಿಳುಪನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ ಅವುಗಳ ನಡುವಿನ ಅನುಪಾತ ಉಳಿಯುತ್ತದೆ.

ದೊಡ್ಡ ಹಡಗುಗಳ ವಿಷಯದಲ್ಲಿ ನಿಯಮಗಳು ಬಂದವು. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1995ರಲ್ಲಿ ವಿದ್ಯುನ್ಮಾನ ನಕಾಶೆಗೆ ಮಾನದಂಡ ಒಪ್ಪಿತು. ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆಯ ಎಸ್-52 ಎಂಬ ಮಾನದಂಡ ಹಗಲು, ಮುಸ್ಸಂಜೆ, ರಾತ್ರಿಗೆ ಬೇರೆ ಬೇರೆ ಬಣ್ಣದ ಪಟ್ಟಿಗಳನ್ನು ಕೊಟ್ಟಿತು. ಆದರೆ ವಿದ್ಯುನ್ಮಾನ ನಕಾಶೆ ಕಡ್ಡಾಯವೆಂಬ ನಿಯಮ ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳಿಗೆ ಅನ್ವಯಿಸುವುದಿಲ್ಲ.

ಬೋಟಿನಲ್ಲಿ ಕಣ್ಣು ಕೋರೈಸುವುದು ಪರದೆಯೊಂದೇ ಅಲ್ಲ. ಮೀನು ಸೆಳೆಯಲು ಎಲ್‌ಇಡಿ ದೀಪ ಬಳಸುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಚರ್ಚೆ ನಡೆದದ್ದು ಮೀನಿನ ಸಂತತಿಯ ಸುತ್ತ. ಚುಕ್ಕಾಣಿ ಹಿಡಿದವನ ಕಣ್ಣಿನ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ.