ತಾನು ಬರೆದ ಪುಸ್ತಕವನ್ನು ತಾನೇ ಸುಟ್ಟ ಚರಿತ್ರಕಾರ

ಅರಸರು, ಸೈನ್ಯಗಳು, ಮತಾಂಧರು ಪುಸ್ತಕ ಸುಟ್ಟ ಕಥೆಗಳನ್ನು ನಾವೆಲ್ಲ ಓದಿದ್ದೇವೆ. ಆದರೆ ತಾನೇ ಬರೆದ ಪುಸ್ತಕವನ್ನು, ಅದೂ ಚೊಚ್ಚಲ ಪುಸ್ತಕವನ್ನು, ಅಚ್ಚಾದ ವರ್ಷದಲ್ಲೇ ಸಾರ್ವಜನಿಕವಾಗಿ ಸುಟ್ಟವರು ಅಪರೂಪ. 1988ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸಿನ ಫೆಡರಲ್ ಕಟ್ಟಡದ ಎದುರು ಪಾಲ್ ಲಾಂಗ್‌ಮೋರ್ ಎಂಬ ಚರಿತ್ರಕಾರರು ಮಾಡಿದ್ದು ಅದನ್ನೇ. ಜಾರ್ಜ್ ವಾಷಿಂಗ್ಟನ್ನರನ್ನು ಕುರಿತ ಆ ಸಂಶೋಧನಾ ಗ್ರಂಥವನ್ನು ಪ್ರಕಟಿಸಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನ ವಿಭಾಗ. ಲೇಖಕನಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ನಮ್ಮಂಥವರಿಗೆ ಅನ್ನಿಸೀತು. ಲಾಂಗ್‌ಮೋರ್ ಅವರಿಗೆ ಮಾತ್ರ ಆ ಪುಸ್ತಕದ ರಾಯಲ್ಟಿಯೇ ಉಸಿರಿಗೆ ಸಂಚಕಾರವಾಗಿತ್ತು.

ಅಕ್ಷರಶಃ ಉಸಿರಿಗೆ. 1953ರಲ್ಲಿ, ಏಳನೆಯ ವಯಸ್ಸಿನಲ್ಲಿ, ಅವರಿಗೆ ಪೋಲಿಯೋ ತಗುಲಿತ್ತು. ಕೈಗಳು ಸ್ವಾಧೀನ ತಪ್ಪಿದವು, ಬೆನ್ನುಹುರಿ ಬಾಗಿತು, ಉಸಿರಾಟಕ್ಕೆ ಯಂತ್ರದ ಆಸರೆ ಬೇಕಾಯಿತು. ಪೆನ್ನನ್ನು ಬಾಯಲ್ಲಿ ಕಚ್ಚಿಕೊಂಡು ಕೀಲಿಮಣೆಯ ಒಂದೊಂದೇ ಅಕ್ಷರವನ್ನು ಒತ್ತುತ್ತ, ಸುಮಾರು ಹತ್ತು ವರ್ಷ ಹಿಡಿದು ಅವರು ಆ ಪುಸ್ತಕ ಬರೆದರು. ಎಬ್ಬಿಸಲು, ಉಡಿಸಲು, ಉಣಿಸಲು ಸಹಾಯಕರು ಬೇಕು. ಯಂತ್ರದ ಬಾಡಿಗೆಗೂ ಸಹಾಯಕರ ಕೂಲಿಗೂ ಆಗುವ ಖರ್ಚು ಸಾಧಾರಣ ಸಂಬಳಕ್ಕೆ ನಿಲುಕುವಂಥದ್ದಲ್ಲ. ಖಾಸಗಿ ವಿಮಾ ಕಂಪನಿಗಳು ಇಂಥವರ ಹತ್ತಿರವೂ ಸುಳಿಯುತ್ತಿರಲಿಲ್ಲ. ಉಳಿದದ್ದು ಸರಕಾರದ ನೆರವು. ಆ ನೆರವಿಗೆ ಒಂದು ಷರತ್ತಿತ್ತು: ನಿಮ್ಮಿಂದ ದುಡಿಯಲು ಸಾಧ್ಯವಿಲ್ಲ ಎಂದು ಸಾಬೀತಾಗಬೇಕು, ಸಾಬೀತಾಗುತ್ತಲೇ ಇರಬೇಕು.

ಈ ಷರತ್ತು ಎಲ್ಲಿಂದ ಬಂತು? 1935ರ ಸೋಶಿಯಲ್ ಸೆಕ್ಯುರಿಟಿ ಕಾಯಿದೆಯಲ್ಲಿ ಅಂಗವಿಕಲ ಕಾರ್ಮಿಕರಿಗೆ ವಿಮೆಯಿರಲಿಲ್ಲ. ಮಹಾಕುಸಿತದ ಕಾಲದಲ್ಲಿ ಇಂಥ ಪಾಲಿಸಿ ಮಾರಿ ಕೈ ಸುಟ್ಟುಕೊಂಡಿದ್ದ ವಿಮಾ ಕಂಪನಿಗಳೂ ವೈದ್ಯರ ಸಂಘವೂ ಅದನ್ನು ವರ್ಷಗಟ್ಟಲೆ ವಿರೋಧಿಸಿದವು. ಕೊನೆಗೆ 1956ರಲ್ಲಿ ಸೆನೆಟ್ಟಿನಲ್ಲಿ 47ಕ್ಕೆ 45 ಮತಗಳಿಂದ, ಕೂದಲೆಳೆಯಲ್ಲಿ, ಅದು ಪಾಸಾಯಿತು. ಅಧ್ಯಕ್ಷ ಐಸೆನ್‌ಹೋವರ್ ಆಗಸ್ಟ್ 1ರಂದು ಸಹಿ ಹಾಕಿದರು. ವಿರೋಧಿಗಳನ್ನು ಸಮಾಧಾನಪಡಿಸಲು ಬಾಗಿಲನ್ನು ಆದಷ್ಟು ಕಿರಿದು ಮಾಡಲಾಗಿತ್ತು: 50 ವರ್ಷ ದಾಟಿರಬೇಕು, ಮತ್ತು ಗಣನೀಯ ಆದಾಯ ತರುವ ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿಯಿರಬೇಕು. ವಯಸ್ಸಿನ ಮಿತಿ 1960ರಲ್ಲಿ ಹೋಯಿತು. ಚೆಕ್ಕಿಗೆ ಕುತ್ತು ಬಾರದಂತೆ ಒಂಬತ್ತು ತಿಂಗಳು ದುಡಿದು ನೋಡುವ ಅವಕಾಶವೂ ಆಗಲೇ ಬಂತು. ವ್ಯಾಖ್ಯೆ ಮಾತ್ರ ಕದಲಲಿಲ್ಲ.

ಅಂಧರ ಕಥೆ ಸ್ವಲ್ಪ ಬೇರೆ. ಸ್ವತಃ ಅಂಧರಾಗಿದ್ದ ಸಂವಿಧಾನ ಪಂಡಿತ, ಬರ್ಕ್ಲಿಯ ಪ್ರೊಫೆಸರ್ ಜೇಕಬಸ್ ಟೆನ್‌ಬ್ರೋಕ್ 1940ರಲ್ಲಿ ಅಂಧರ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಸಂಘಟಿತರ ದನಿಗೆ ಬೆಲೆಯಿತ್ತು. 1950ರ ತಿದ್ದುಪಡಿಯಲ್ಲಿ, ಅಂಧರು ತಿಂಗಳಿಗೆ 50 ಡಾಲರ್ ದುಡಿದರೂ ಸಹಾಯಧನ ಕಡಿತವಾಗಬೇಕಿಲ್ಲ ಎಂದಾಯಿತು. ದುಡಿಮೆಯೂ ನೆರವೂ ಒಟ್ಟಿಗೆ ಇರಬಹುದು ಎಂಬುದನ್ನು ಈ ಸಣ್ಣ ಮೊತ್ತ ತೋರಿಸಿಕೊಟ್ಟಿತು. ಇಂದಿಗೂ ಅಂಧರಿಗೆ ಮಿತಿ ಹೆಚ್ಚು: 2025ರಲ್ಲಿ ಗಣನೀಯ ಆದಾಯದ ಗೆರೆ ಉಳಿದವರಿಗೆ ತಿಂಗಳಿಗೆ 1,620 ಡಾಲರ್, ಅಂಧರಿಗೆ 2,700. ಗಾಲಿಕುರ್ಚಿಯಲ್ಲಿ ಕುಳಿತವರು ಮಾಡಿದ ಪಾಪವೇನು ಎಂದು ಕೇಳಿದರೆ ಉತ್ತರ ವೈದ್ಯಶಾಸ್ತ್ರದಲ್ಲಿ ಸಿಗುವುದಿಲ್ಲ, ರಾಜಕೀಯದಲ್ಲಿ ಸಿಗುತ್ತದೆ.

ಬಡ ಅಂಗವಿಕಲರಿಗಾಗಿ 1972ರಲ್ಲಿ ನಿಕ್ಸನ್ ಸಹಿ ಮಾಡಿ, 1974ರ ಜನವರಿಯಿಂದ ಜಾರಿಯಾದದ್ದು ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್, ಜನರ ಬಾಯಲ್ಲಿ ಎಸ್‌ಎಸ್‌ಐ. ಇದರ ಚೆಕ್ ಚಿಕ್ಕದು. ಬಹಳ ರಾಜ್ಯಗಳಲ್ಲಿ ಅದರ ಬೆನ್ನಿಗೇ ಬರುವ ಮೆಡಿಕೇಡ್ ವೈದ್ಯಕೀಯ ನೆರವೇ ದೊಡ್ಡದು. ಚೆಕ್ಕನ್ನು ಕಳೆದುಕೊಳ್ಳಲು ಸಿದ್ಧರಿದ್ದವರೂ ಮೆಡಿಕೇಡ್ ಕಳೆದುಕೊಳ್ಳಲು ಹೆದರಿ ಮನೆಯಲ್ಲೇ ಕುಳಿತರು. ಇದನ್ನು ಸಡಿಲಿಸಲು 1980ರಲ್ಲಿ 1619 ಎಂಬ ಕಲಮನ್ನು ಸೇರಿಸಿದರು. ಅದರ ಪ್ರಕಾರ, ದುಡಿಮೆಯಿಂದ ಚೆಕ್ ನಿಂತರೂ ಒಂದು ಮಿತಿಯವರೆಗೆ ಮೆಡಿಕೇಡ್ ನಿಲ್ಲಬಾರದು. ಪ್ರಯೋಗವೆಂದು ಶುರುವಾದದ್ದು 1986ರ ಕಾಯಿದೆಯಿಂದ ಶಾಶ್ವತವಾಯಿತು.

ಹಾಗಿದ್ದರೆ 1988ರಲ್ಲಿ ಲಾಂಗ್‌ಮೋರ್ ಬೆಂಕಿ ಹಚ್ಚಿದ್ದೇಕೆ? ಹೊಸ ಸೌಲಭ್ಯವೆಲ್ಲ ‘ದುಡಿದು ಗಳಿಸಿದ’ ಆದಾಯಕ್ಕೆ ಮಾತ್ರ. ಪುಸ್ತಕದ ರಾಯಲ್ಟಿ ಸರಕಾರದ ಲೆಕ್ಕದಲ್ಲಿ ದುಡಿಮೆಯಲ್ಲ, ಬಡ್ಡಿ ಬಾಡಿಗೆಗಳ ಹಾಗೆ ಕೂತಲ್ಲಿಗೆ ಬಂದ ಹಣ! ಹತ್ತು ವರ್ಷ ಬಾಯಲ್ಲಿ ಪೆನ್ನು ಕಚ್ಚಿ ಬರೆದದ್ದು ದುಡಿಮೆಯಲ್ಲವಂತೆ. ಸಂಶೋಧಕರಿಗೆ ಸಿಗುವ ಫೆಲೋಶಿಪ್ಪಿನಲ್ಲಿ ಜೀವನ ನಿರ್ವಹಣೆಯ ಪಾಲಿಗೂ ಅದೇ ಗತಿ. ಬರೆದು ಬದುಕುವವರು ಹೆಚ್ಚಿಲ್ಲದ ಭಾಷೆ ನಮ್ಮದು. ರಾಯಲ್ಟಿಯ ಬಗ್ಗೆ ನಮ್ಮ ಲೇಖಕರ ಗೊಣಗಾಟವನ್ನು ಬೇಕಾದಷ್ಟು ಕೇಳಿದ್ದೇವೆ. ಆದರೆ ಅದು ಬಂದರೇ ಅಪಾಯ ಎಂಬ ಪರಿಸ್ಥಿತಿ ಊಹೆಗೂ ನಿಲುಕದ್ದು.

ಹೊಗೆಯೆದ್ದ ಮೇಲೆ ವಾಷಿಂಗ್ಟನ್ನಿಗೂ ಕಣ್ಣುರಿ ತಟ್ಟಿತು. 1990ರಲ್ಲಿ ಅಮೆರಿಕದ ಕಾಂಗ್ರೆಸ್ಸು ರಾಯಲ್ಟಿಯನ್ನೂ ಭಾಷಣ, ಲೇಖನಗಳ ಗೌರವಧನವನ್ನೂ ದುಡಿಮೆಯ ಆದಾಯವೆಂದು ಒಪ್ಪಿಕೊಂಡಿತು. ಇದನ್ನು ಲಾಂಗ್‌ಮೋರ್ ತಿದ್ದುಪಡಿ ಎಂದೇ ಕರೆಯುತ್ತಾರೆ. ಫೆಲೋಶಿಪ್ಪಿನ ತಕರಾರು ಹಾಗೇ ಉಳಿಯಿತು. ಲಾಂಗ್‌ಮೋರ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದರು. ಪುಸ್ತಕ ಸುಟ್ಟದ್ದೇಕೆಂಬ ಪ್ರಬಂಧವನ್ನೇ ಶೀರ್ಷಿಕೆಯಾಗಿಸಿ 2003ರಲ್ಲಿ ಇನ್ನೊಂದು ಪುಸ್ತಕ ತಂದರು. 2010ರಲ್ಲಿ ತೀರಿಕೊಂಡರು.

1999ರ ಡಿಸೆಂಬರ್‌ನಲ್ಲಿ ಕ್ಲಿಂಟನ್ ಸಹಿ ಹಾಕಿದ ‘ಟಿಕೆಟ್ ಟು ವರ್ಕ್’ ಕಾಯಿದೆ ಇನ್ನಷ್ಟು ದೂರ ಹೋಯಿತು. ಕೆಲಸಕ್ಕೆ ಸೇರಿದ ಮೇಲೂ ವರ್ಷಗಟ್ಟಲೆ ಮೆಡಿಕೇರ್ ಉಳಿಯುತ್ತದೆ. ಐದು ವರ್ಷದೊಳಗೆ ಆರೋಗ್ಯ ಕೈಕೊಟ್ಟರೆ ಹೊಸದಾಗಿ ಅರ್ಜಿ ಹಾಕದೆ ನೆರವಿಗೆ ಮರಳಬಹುದು. ಆದರೂ ನಿರೀಕ್ಷಿಸಿದಷ್ಟು ಜನ ಆ ಟಿಕೆಟ್ ಹಿಡಿದು ಹೊರಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಸಂಬಳದ ವರದಿಯನ್ನು ಕಚೇರಿ ತಡವಾಗಿ ನೋಡಿ, ಹೆಚ್ಚಾಗಿ ಕೊಟ್ಟದ್ದನ್ನು ಹಿಂತಿರುಗಿಸಿ ಎಂದು ಸಾವಿರಾರು ಡಾಲರುಗಳ ಪತ್ರ ಕಳಿಸುವುದುಂಟು. ಅಂಥ ಒಂದು ಪತ್ರದ ಸುದ್ದಿ ಹತ್ತು ಮಂದಿಯನ್ನು ಮನೆಯಲ್ಲಿ ಕೂರಿಸುತ್ತದೆ.

ಎಸ್‌ಎಸ್‌ಐ ಚೆಕ್ ಕತ್ತರಿಸುವಾಗ ಲೆಕ್ಕಕ್ಕೆ ಹಿಡಿಯದ ಮೊದಲ 20 ಡಾಲರ್, ದುಡಿಮೆಯ ಮೇಲಿನ 65 ಡಾಲರ್, ಇವು 1972ರಲ್ಲಿ ಬರೆದ ಅಂಕಿಗಳು. 2025ರಲ್ಲೂ ಅವೇ ಇದ್ದವು. ಒಬ್ಬರ ಹೆಸರಿನಲ್ಲಿ 2,000 ಡಾಲರಿಗಿಂತ ಹೆಚ್ಚು ಉಳಿತಾಯ ಇರಕೂಡದೆಂಬ ಮಿತಿ 1989ರದು. ಇದು ನಮ್ಮ ಮನೆಗಳ ಮಾತೂ ಹೌದು. ಇಲ್ಲೇ ಹುಟ್ಟಿದ ಅಂಗವಿಕಲ ಮಕ್ಕಳಿಗೆ 18 ತುಂಬಿದರೆ ತಂದೆತಾಯಿಯ ಆದಾಯ ಲೆಕ್ಕಕ್ಕೆ ಬಾರದೆ ಎಸ್‌ಎಸ್‌ಐ ಸಿಗಬಹುದು. ಊರಿನಿಂದ ಬಂದ ಅಜ್ಜ ಪ್ರೀತಿಯಿಂದ ಮೊಮ್ಮಗನ ಖಾತೆಗೆ ಹಾಕಿದ ಐದು ಸಾವಿರ ಡಾಲರ್ ಅದನ್ನು ನಿಲ್ಲಿಸಿಬಿಡಬಹುದು. 2014ರ ಕಾಯಿದೆಯಿಂದ ಬಂದ ‘ಏಬಲ್’ ಖಾತೆಯಲ್ಲಾದರೆ ಒಂದು ಲಕ್ಷ ಡಾಲರಿನವರೆಗೆ ಇಟ್ಟರೂ ಎಸ್‌ಎಸ್‌ಐಗೆ ಧಕ್ಕೆಯಿಲ್ಲ. 26 ವರ್ಷಕ್ಕೆ ಮೊದಲೇ ಅಂಗವೈಕಲ್ಯ ಬಂದಿರಬೇಕೆಂಬ ಅದರ ನಿಯಮ 2026ರ ಜನವರಿಯಿಂದ 46 ವರ್ಷಕ್ಕೆ ಸಡಿಲವಾಗಿದೆ. ಅಜ್ಜನ ಉಡುಗೊರೆಯನ್ನು ಅಲ್ಲಿಗೆ ಹಾಕಿಸಬಹುದು.