ಬೊವೊಂಟೊ ಯಾಕೆ ಸಾಯ್ಲಿಲ್ಲ?

1/6
ಗೋಲ್ಡ್ ಸ್ಪಾಟ್ ಕುಡಿದಿದ್ದೀರಾ? ಚಾನ್ಸೇ ಇಲ್ಲ, ನಾವು ಹುಟ್ಟೋ ಹೊತ್ತಿಗೆ ಅದರ ಕಥೆ ಮುಗಿದಿತ್ತು. ಮನೇಲಿ ಅಪ್ಪನನ್ನೋ ಚಿಕ್ಕಮ್ಮನನ್ನೋ ಕೇಳಿ, ಕಣ್ಣು ಅರಳಿಸಿ ಹೇಳ್ತಾರೆ. ದೇಶ ಪೂರ್ತಿ ಸಿಗ್ತಿದ್ದ ಕಿತ್ತಳೆ ಡ್ರಿಂಕ್ ಅದು. ಹಾಗೆ ದೇಶ ಪೂರ್ತಿ ಗೊತ್ತಿದ್ದದ್ದು ಹೋಯ್ತು. ಆದ್ರೆ ಮೊದಲನೇ ಫೋಟೋದಲ್ಲಿರೋ ಬೊವೊಂಟೊ, ತಮಿಳುನಾಡಿನ ಆಚೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲದ ಈ ದ್ರಾಕ್ಷಿ ವಾಸನೆಯ ಡ್ರಿಂಕ್, ಇವತ್ತಿಗೂ ಅಂಗಡೀಲಿ ಸಿಗುತ್ತೆ. ಮಾಡೋದು ಕಾಳಿಮಾರ್ಕ್ ಅನ್ನೋ ಕಂಪನಿ. ಶುರುವಾಗಿದ್ದು 1916ರಲ್ಲಿ.

"ರುಚಿ ಚೆನ್ನಾಗಿದೆ, ಅದಕ್ಕೇ ಉಳೀತು" ಅಂತ ಎಲ್ಲರೂ ಹೇಳ್ತಾರೆ. ಗೋಲ್ಡ್ ಸ್ಪಾಟ್ ರುಚಿ ಕೆಟ್ಟದಾಗಿತ್ತಾ ಹಾಗಾದ್ರೆ? ನನಗೆ ಈ ಉತ್ತರ ಸಾಕಾಗಲಿಲ್ಲ. ಬಿಕಾಂ ಓದೋನಿಗೆ ರುಚಿಗಿಂತ ಲೆಕ್ಕದ ಮೇಲೆ ನಂಬಿಕೆ ಜಾಸ್ತಿ. ಈ ಸಲದ ಸರಣಿ ಪೂರ್ತಿ ಬಾಟಲಿ ಬಗ್ಗೆ. ಒಳಗಿರೋದರ ಬಗ್ಗೆ ಅಲ್ಲ, ಗಾಜಿನ ಬಗ್ಗೆ.

2/6
ಊರು ವಿರುದುನಗರ, ಮಧುರೈನಿಂದ ದಕ್ಷಿಣಕ್ಕೆ. 1916ರಲ್ಲಿ ಆ ಹೆಸರೂ ಇರಲಿಲ್ಲ, ವಿರುದುಪಟ್ಟಿ ಅಂತಿದ್ರು. ಅದೇ ಊರಲ್ಲಿ ಆಗ ಕಾಮರಾಜ್ ಅನ್ನೋ 13 ವರ್ಷದ ಹುಡುಗನೂ ಇದ್ದ, ಮುಂದೆ ಮುಖ್ಯಮಂತ್ರಿ ಆದೋರು. ಕಾಳಿಮಾರ್ಕ್ ಶುರು ಮಾಡಿದ್ದು ಪಿ.ವಿ.ಎಸ್.ಕೆ. ಪಳನಿಯಪ್ಪ ನಾಡಾರ್.

ಕೊನೆಯ ಪದ ಗಮನಿಸಿ. ತಾಳೆಮರ ಹತ್ತೋದು, ಕಳ್ಳು ಇಳಿಸೋದು, ಬೆಲ್ಲ ಮಾಡೋದು ನಾಡಾರ್ ಸಮುದಾಯದ ಹಳೇ ಕಸುಬು. ದೇವಸ್ಥಾನದ ಒಳಗೆ ಬಿಡ್ತಿರಲಿಲ್ಲ. 1899ರಲ್ಲಿ ಶಿವಕಾಶಿಯಲ್ಲಿ ಇದೇ ಜಗಳ ದೊಡ್ಡ ಗಲಭೆಯಾಗಿ ಹೆಣ ಬಿದ್ದವು. ಅವರಲ್ಲಿ ವ್ಯಾಪಾರಕ್ಕೆ ಇಳಿದವರು ಒಂದು ಜಾಣತನ ಮಾಡಿದ್ರು, ಅದರ ಹೆಸರು ಮಹಮೈ. ಊರಿನ ವ್ಯಾಪಾರಿಗಳೆಲ್ಲ ತಮ್ಮ ವಹಿವಾಟಿನ ಮೇಲೆ ಇಷ್ಟು ಅಂತ ಒಂದು ಸಣ್ಣ ಪಾಲು ತೆಗೆದು ಸಮುದಾಯದ ನಿಧಿಗೆ ಹಾಕೋದು. ಆ ದುಡ್ಡಲ್ಲಿ ಶಾಲೆ ಕಟ್ಟಿದ್ರು. 1921ರಲ್ಲಿ ತೂತ್ತುಕುಡಿಯಲ್ಲಿ ನಾಡಾರ್ ಬ್ಯಾಂಕ್ ಅಂತಲೇ ಒಂದು ಬ್ಯಾಂಕ್ ಶುರುವಾಯ್ತು, ಈಗಿನ ತಮಿಳುನಾಡು ಮರ್ಕೆಂಟೈಲ್ ಬ್ಯಾಂಕ್ ಅದೇ.

ಎಲ್ಲ ಫೌಂಡರ್ ಕಥೆಗಳಲ್ಲೂ ಒಬ್ಬನೇ ಹೀರೋ ಇರ್ತಾನೆ. ನನಗೆ ಆ ಒಬ್ಬನ ಸುತ್ತ ಇದ್ದ ಈ ಊರೇ ಜಾಸ್ತಿ ಇಂಟರೆಸ್ಟಿಂಗ್. ಸಾಲ, ನಂಬಿಕೆ, ಗಿರಾಕಿ ಮೂರೂ ಪಕ್ಕದ ಬೀದಿಯಲ್ಲೇ ಸಿಗೋ ಊರು ಅದು.

3/6
ಮೂರನೇ ಫೋಟೋ ನಮ್ಮ ದೊಡ್ಡಪ್ಪಂದು. ಬಂಗಾರಪೇಟೆ ಹತ್ತಿರ ಸಣ್ಣ ಸೋಡಾ ಯೂನಿಟ್ ಇಟ್ಟಿದ್ದಾರೆ. ಅವರ ಹತ್ತಿರ ಓಡದೇ ನಿಂತಿರೋ ಒಂದು ಹಳೇ ಕೈಮಷೀನ್ ಇದೆ. ಅದನ್ನ ತೋರಿಸಿದ ಮೇಲೆ ನನಗೆ ಗೋಲಿ ಸೋಡಾ ಅರ್ಥ ಆಗಿದ್ದು.

ಗೋಲಿ ಬಾಟಲಿ ನಮ್ಮ ದೇಶದ್ದಲ್ಲ. ಹೈರಮ್ ಕಾಡ್ ಅನ್ನೋ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ತಗೊಂಡದ್ದು. ಕತ್ತಿನಲ್ಲಿ ಒಂದು ಗಾಜಿನ ಗೋಲಿ, ಬಾಯಿಯ ಒಳಗೆ ಒಂದು ರಬ್ಬರ್ ಉಂಗುರ. ಬಾಟಲಿಗೆ ನೀರು ಹಾಕಿ, ಮಷೀನಿಗೆ ಸಿಕ್ಕಿಸಿ, ಗ್ಯಾಸ್ ಬಿಟ್ಟು ಚಕ್ರ ತಿರುಗಿಸ್ತಾರೆ. ತಲೆಕೆಳಗಾದಾಗ ಗೋಲಿ ಬಾಯಿಗೆ ಬಂದು ಕೂರುತ್ತೆ. ಒಳಗಿನ ಒತ್ತಡವೇ ಅದನ್ನ ರಬ್ಬರಿಗೆ ಒತ್ತಿ ಹಿಡಿಯುತ್ತೆ. ಅಂದ್ರೆ ಗ್ಯಾಸೇ ಮುಚ್ಚಳ! ಬಿರಡೆ ಬೇಡ, ಕರೆಂಟ್ ಬೇಡ. ಸಿಲಿಂಡರ್ ಬರೋ ಮುಂಚೆ ಗ್ಯಾಸನ್ನೂ ಅಲ್ಲೇ ತಯಾರು ಮಾಡ್ತಿದ್ರು, ಸೀಮೆಸುಣ್ಣವೋ ಸೋಡಾಪುಡಿಯೋ ತಗೊಂಡು ಅದಕ್ಕೆ ಆಸಿಡ್ ಹಾಕಿ.

ಕೆಲವು ಸಲ ಬಾಟಲಿ ಕೈಯಲ್ಲೇ ಸಿಡೀತಿತ್ತು. ಮುಖಕ್ಕೆ ತಂತಿಜಾಲರಿ, ಕೈಗೆ ದಪ್ಪ ಗವಸು ಹಾಕ್ಕೊಂಡು ಮಾಡೋ ಕೆಲಸ. ಹಳೇ ಸಿನಿಮಾ ಫೈಟಲ್ಲಿ ಸೋಡಾ ಬಾಟಲಿ ಅಲ್ಲಾಡಿಸಿ ಎಸೆಯೋದು ಸುಮ್ಮನೆ ಅಲ್ಲ ಗುರು.

ಇಷ್ಟು ಕಮ್ಮಿ ಸಾಮಾನಲ್ಲಿ ಫ್ಯಾಕ್ಟರಿ ಶುರುವಾಗುತ್ತೆ ಅನ್ನೋದಕ್ಕೇ ದೇಶದ ಊರೂರಲ್ಲಿ ಸೋಡಾ ಕಂಪನಿ ಹುಟ್ಟಿದ್ದು. ಕಾಳಿ ಏರೇಟೆಡ್ ವಾಟರ್ ವರ್ಕ್ಸ್ ಆ ನೂರಾರರಲ್ಲಿ ಒಂದು.

4/6
ಈಗ ಲೆಕ್ಕಕ್ಕೆ ಬರೋಣ, ಇದೇ ಮುಖ್ಯ ಪೋಸ್ಟ್.

200 ಎಂಎಲ್ ಗಾಜಿನ ಬಾಟಲಿ ಕೈಯಲ್ಲಿ ಹಿಡೀರಿ. ಒಳಗಿರೋ ಡ್ರಿಂಕಿಗಿಂತ ಗಾಜೇ ಭಾರ. ಬೆಲೆಯೂ ಹಾಗೇ, ಒಳಗಿರೋ ಸಕ್ಕರೆ ನೀರಿಗಿಂತ ಗಾಜೇ ದುಬಾರಿ. ಒಂದು ಸಲ ತುಂಬಿಸಿ ಮಾರಿದ್ರೆ ನಷ್ಟ. ಅದೇ ಬಾಟಲಿ ಮತ್ತೆ ಮತ್ತೆ ವಾಪಸ್ ಬಂದು, ತೊಳೆದು, ತುಂಬಿದಾಗ ಮಾತ್ರ ಲಾಭ. ಅಂಗಡಿಯವನು ಕೊಟ್ಟ ಡೆಪಾಸಿಟ್ ಆದಾಯ ಅಲ್ಲ, ಲಯಬಿಲಿಟಿ, ಬಾಟಲಿ ಬಂದ ದಿನ ಹಿಂದಿರುಗಿಸಬೇಕು. (ಇಂಟರ್ನಲ್ಸಲ್ಲಿ ಇದನ್ನ ಇನ್‌ಕಮ್ ಸೈಡಿಗೆ ಬರೆಯೋರು ಇದ್ದಾರೆ, ಹೆಸರು ಹೇಳಲ್ಲ.)

ಹಾಗಾಗಿ ಸೋಡಾ ಕಂಪನಿಯ ನಿಜವಾದ ಆಸ್ತಿ ಫಾರ್ಮುಲಾ ಅಲ್ಲ, ಊರೆಲ್ಲ ಓಡಾಡ್ತಿರೋ ಬಾಟಲಿಗಳು. ಲಾರಿ ಹೋಗುವಾಗ ತುಂಬಿದ ಕ್ರೇಟ್, ಬರುವಾಗ ಖಾಲಿ ಕ್ರೇಟ್, ಎರಡು ದಾರಿಗೂ ಡೀಸೆಲ್. ಫ್ಯಾಕ್ಟರಿಯಿಂದ ತುಂಬಾ ದೂರ ಹೋದ್ರೆ ಲೆಕ್ಕ ಕೆಡುತ್ತೆ. ಜಿಲ್ಲೆಗೊಂದು ಬ್ರ್ಯಾಂಡ್ ಇದ್ದದ್ದು ಊರಭಿಮಾನಕ್ಕಲ್ಲ. ಖಾಲಿ ಬಾಟಲಿ ಅಷ್ಟು ದೂರದಿಂದ ಮಾತ್ರ ವಾಪಸ್ ಬರ್ತಿತ್ತು, ಅಷ್ಟೇ.

ದೊಡ್ಡದಾಗಬೇಕು ಅಂದ್ರೆ ಎರಡು ದಾರಿ. ಬೇರೆ ಊರಿನ ಬಾಟ್ಲಿಂಗ್ ಮಾಲೀಕರಿಗೆ ಫ್ರ್ಯಾಂಚೈಸಿ ಕೊಡೋದು, ಪಾರ್ಲೆ ಮಾಡಿದ್ದು ಹಾಗೆ. ಇಲ್ಲಾಂದ್ರೆ ಮನೆಯವರನ್ನೇ ಊರೂರಿಗೆ ಕಳಿಸಿ ಸ್ವಂತ ಪ್ಲಾಂಟ್ ಹಾಕೋದು. ಕಾಳಿಮಾರ್ಕ್ ಎರಡನೇದನ್ನ ಹಿಡೀತು. ನಿಧಾನದ ದಾರಿ. 1950ರ ದಶಕದ ಕೊನೇಲಿ ಬೊವೊಂಟೊ ಬಂದಾಗ ಅದಕ್ಕೆ ಓಡಾಡೋ ಬಾಟಲಿ, ತೊಳೆಯೋ ಕೈ, ಕ್ರೇಟ್ ಇಳಿಸಿಕೊಳ್ಳೋ ಅಂಗಡಿ ಎಲ್ಲಾ ಮೊದಲೇ ಇತ್ತು. ಅಲ್ಲಿನ ಮನೆಗಳಲ್ಲಿ ನೆಂಟರು ಬಂದ್ರೆ "ಕಲರ್ ತಗೊಂಡ್ ಬಾ" ಅಂತ ಹುಡುಗರನ್ನ ಓಡಿಸೋರು. ಕಲರ್ ಅಂದ್ರೆ ಬಣ್ಣದ ಸೋಡಾ. ನಮ್ಮ ಕೋಲಾರದ ಕಡೆಯೂ ಈ ಮಾತು ಕೇಳಿದ್ದೀನಿ.

5/6
1977. ಕೋಕಾ ಕೋಲಾ ದೇಶ ಬಿಟ್ಟು ಹೋಯ್ತು. ವಿದೇಶಿ ಪಾಲು 40%ಗೆ ಇಳಿಸಬೇಕು ಅಂತ ಫೆರಾ ಕಾಯ್ದೆ, ಪಟ್ಟು ಹಿಡಿದ ಕೈಗಾರಿಕಾ ಮಂತ್ರಿ ನಮ್ಮ ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಆ ಖಾಲಿ ಜಾಗಕ್ಕೆ ಸರ್ಕಾರವೇ ಡಬಲ್ ಸೆವೆನ್ ತಂತು (ಯಾರೂ ಕುಡೀಲಿಲ್ಲ ಅಂದ್ರೂ ತಪ್ಪಿಲ್ಲ). ಪಾರ್ಲೆ ಥಮ್ಸ್ ಅಪ್ ತಂದು ಗೆದ್ದಿತು.

1993ರಲ್ಲಿ ಕೋಕ್ ವಾಪಸ್ ಬಂತು. ಬಂದ ಕೂಡಲೇ ಪಾರ್ಲೆಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲಾ ಒಟ್ಟಿಗೆ ಕೊಂಡ್ಕೊಂಡಿತು, ಸುಮಾರು 6 ಕೋಟಿ ಡಾಲರಿಗೆ. ಬರೀ ಹೆಸರಿಗೆ ಅಷ್ಟು ದುಡ್ಡು ಯಾರು ಕೊಡ್ತಾರೆ? ಹೆಸರಿನ ಹಿಂದೆ ದೇಶ ಪೂರ್ತಿ ಬಾಟ್ಲಿಂಗ್ ಮಾಲೀಕರ ಜಾಲ ಇತ್ತು. ಅವರ ಪ್ಲಾಂಟು, ಅವರ ಲಾರಿ, ಅವರ ಅಂಗಡಿ. ಅದು ಕೈಗೆ ಬಂದ ಮೇಲೆ ಗೋಲ್ಡ್ ಸ್ಪಾಟ್ ಬೇಕಾಗಲಿಲ್ಲ, ಫ್ಯಾಂಟಾ ಇತ್ತಲ್ಲ.

ಕಾಳಿಮಾರ್ಕನ್ನ ಹಾಗೆ ಮಾಡೋಕೆ ಆಗ್ತಿರಲಿಲ್ಲ. ಒಲಿಸಿಕೊಳ್ಳೋಕೆ ನಡುವೆ ಯಾವ ಫ್ರ್ಯಾಂಚೈಸಿಯೂ ಇಲ್ಲ, ಮನೆಯವರೇ ಮಾರಬೇಕು. ಅವರು ಮಾರಲಿಲ್ಲ. ದೊಡ್ಡ ಊರುಗಳ ಫ್ರಿಜ್ ಹೋದ್ರೂ ಸಣ್ಣ ಊರಿನ ಅಂಗಡಿ ಬಿಡಲಿಲ್ಲ.

2017ರ ಜನವರಿಯ ಜಲ್ಲಿಕಟ್ಟು ಹೋರಾಟ ನೆನಪಿದೆಯಾ? ಅದಾದ ಮೇಲೆ ಅಲ್ಲಿನ ವರ್ತಕರ ಸಂಘಗಳು ಮಾರ್ಚ್ 1ರಿಂದ ಕೋಕ್, ಪೆಪ್ಸಿ ಮಾರಲ್ಲ ಅಂದವು. ಬೊವೊಂಟೊಗೆ ಬೇಡಿಕೆ ಏರಿತು, ನ್ಯಾಷನಲ್ ಪೇಪರಲ್ಲೆಲ್ಲ ಸುದ್ದಿ. ಸ್ವದೇಶಿ ಕಥೆ ಕೇಳೋಕೆ ಚೆಂದ, ಆದ್ರೆ ಅದೇ ಕಾರಣ ಅಂತ ನಾನು ಒಪ್ಪಲ್ಲ. ಬಹಿಷ್ಕಾರ ಒಂದು ಸೀಸನ್ ಮಾರುತ್ತೆ. ಅದಕ್ಕೂ ಮುಂಚಿನ 24 ವರ್ಷ ಕಂಪನಿಯನ್ನ ಹಿಡಿದಿಟ್ಟದ್ದು ಕ್ರೇಟು.

6/6
ಆಮೇಲೆ ಪ್ಲಾಸ್ಟಿಕ್ ಬಂದು ಆಟವೇ ಬದಲಾಯ್ತು. ಪೆಟ್ ಬಾಟಲಿ ವಾಪಸ್ ಬರಬೇಕಾಗಿಲ್ಲ, ಹಾಗಾಗಿ ಲಾರಿಗೆ ದೂರದ ಹೆದರಿಕೆ ಇಲ್ಲ. ದೊಡ್ಡವರಿಗೆ ಅನುಕೂಲ ಆಯ್ತು ನಿಜ, ಹೊಸಬರಿಗೂ ಬಾಗಿಲು ತೆರೀತು. ನಮ್ಮ ಪುತ್ತೂರಿನ ಬಿಂದು ಜೀರಾ ಮಸಾಲಾ ಬಂದದ್ದು 2002ರಲ್ಲಿ. ಒಂದು ಕಾಲಕ್ಕೆ ಆಟೋ ಓಡಿಸ್ತಿದ್ದ ಸತ್ಯಶಂಕರ್ ಕಟ್ಟಿದ ಕಂಪನಿ. ಗಾಜಿನ ಕಾಲದಲ್ಲಾಗಿದ್ರೆ ಪುತ್ತೂರಿನ ಜೀರಾ ಬೆಂಗಳೂರು ತಲುಪೋದು ಕಷ್ಟ ಇತ್ತು. (ರಸ್ತೆ ಬದಿ ಬಿದ್ದಿರೋ ಪ್ಲಾಸ್ಟಿಕ್ ಬಾಟಲಿಗಳ ಡೆಪಾಸಿಟ್ ಯಾರು ಕಟ್ಟಿದ್ದಾರೆ ಅಂತ ಮಾತ್ರ ಕೇಳಬೇಡಿ.)

ಈಗ ದೊಡ್ಡಪ್ಪನ ವಿಷ್ಯ. ಪನ್ನೀರ್, ನಿಂಬೆ, ಶುಂಠಿ ಮೂರು ಫ್ಲೇವರ್ ಮಾಡ್ತಾರೆ. ಬೇಕರಿಯವರು ಕೇಳ್ತಿದ್ದಾರೆ, ದೊಡ್ಡದು ಮಾಡಬಹುದಾ ಅಂತ ಅಣ್ಣನೂ ನಾನೂ ಕೂತು ಲೆಕ್ಕ ಹಾಕಿದ್ವಿ. ವರ್ಷದ ವಹಿವಾಟು 40 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ. ಸಕ್ಕರೆ, ಫ್ಲೇವರ್ ಇರೋ ಸೋಡಾಗೆ 40% ತೆರಿಗೆ. 2017ರಿಂದಲೇ 28 ಪ್ಲಸ್ 12 ಸೆಸ್ ಇತ್ತು, 2025ರ ಸೆಪ್ಟೆಂಬರಲ್ಲಿ ಒಂದೇ ಸಾಲಿನ 40 ಆಯ್ತು. ತೆರಿಗೆ ಸೇರಿ 20 ರೂಪಾಯಿಗೆ ಕೊಡೋ ಬಾಟಲಿಯಲ್ಲಿ 5 ರೂಪಾಯಿ 71 ಪೈಸೆ ತೆರಿಗೆ. ಸಕ್ಕರೆ, ಗ್ಯಾಸಿನ ಮೇಲೆ ಕಟ್ಟಿದ್ದು ಕಳೆದರೂ ದೊಡ್ಡ ಬದಲಾವಣೆ ಇಲ್ಲ.

ಬೇರೆ ಸಣ್ಣ ತಯಾರಕರಿಗೆ ಕಾಂಪೋಸಿಷನ್ ಸ್ಕೀಮ್ ಇದೆ, ವಹಿವಾಟಿನ 1% ಕಟ್ಟಿದ್ರೆ ಆಯ್ತು. ಸೋಡಾ ಮಾಡೋರನ್ನ 2019ರ ಅಕ್ಟೋಬರಿಂದ ಅದರ ಹೊರಗಿಟ್ಟಿದ್ದಾರೆ. ಸಕ್ಕರೆಗೆ ತೆರಿಗೆ ಹಾಕೋದು ತಪ್ಪಲ್ಲ, ಹಾಕಲಿ. ಆದ್ರೆ ಕೋಕಿಗೂ ನಮ್ಮ ದೊಡ್ಡಪ್ಪನಿಗೂ ಒಂದೇ ಬಾಗಿಲು ಅನ್ನೋದು ನನಗೆ ಸರಿ ಕಾಣಲ್ಲ. ಇನ್ನೊಂದು ತಮಾಷೆ, ಕುಪ್ಪಂ ಇಲ್ಲೇ ಪಕ್ಕದಲ್ಲಿದೆ, ಆದ್ರೆ ಅದು ಆಂಧ್ರ. ಅಲ್ಲಿಗೆ ಒಂದೇ ಒಂದು ಕ್ರೇಟ್ ಮಾರಿದ್ರೂ 40 ಲಕ್ಷದ ವಿನಾಯಿತಿ ಹೋಯ್ತು, ಮೊದಲ ಬಾಟಲಿಯಿಂದಲೇ ನೋಂದಣಿ.

ಸಕ್ಕರೆ, ಫ್ಲೇವರ್ ಎರಡೂ ಇಲ್ಲದ ಬರೀ ಸೋಡಾಗೆ ಮಾತ್ರ ಈಗ 5%. ಅಣ್ಣ ಪನ್ನೀರ್ ನಿಲ್ಲಿಸಿ ಪ್ಲೇನ್ ಸೋಡಾ ಮಾತ್ರ ಮಾಡೋಣ ಅಂತಾನೆ. ದೊಡ್ಡಪ್ಪ ಇನ್ನೂ ಏನೂ ಹೇಳಿಲ್ಲ. ಹೋದ ವಾರ ಮೂರು ಕ್ರೇಟ್ ಹೊಸ ಗಾಜಿನ ಬಾಟಲಿಗೆ ಮಾತ್ರ ಆರ್ಡರ್ ಕೊಟ್ಟು ಬಂದಿದ್ದಾರೆ.

#ಬೊವೊಂಟೊ #ಗೋಲಿಸೋಡಾ #ಬಿಕಾಂಕಥೆಗಳು